ಮಕ್ಕಳ ಕಣ್ಣಿನ ಉರಿಯೂತವೂ ಅದರ ಪರಿಣಾಮಗಳೂ

(ಚಂದ್ರವಳ್ಳಿಯಲ್ಲಿ ನೆರೆದ ಭಕ್ತಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)



ದುರ್ಗದ ಬೆಟ್ಟ, ಚೋಳಗುಡ್ಡ, ಕಿರುಬನಕಲ್ಲು ಎಂಬ ಮೂರು ಗುಡ್ಡಗಳ ನಡುವಣ ಈ ಚಂದ್ರವಳ್ಳಿಯ ಕಣಿವೆಯು ಕಣ್ಣುಳ್ಳವರಿಗೆ ಹಬ್ಬವೇ ಸರಿ. ಆದರೆ ಇಲ್ಲಿಯೇ ಇರುವ ಅಂಕಲಿಮಠದ ಗುಹೆಯೊಳಕ್ಕೆ ಇಳಿದವರಿಗೆ ಮತ್ತೊಂದು ಅನುಭವವೂ ಉಂಟು. ನಾಲ್ಕು ಹೆಜ್ಜೆ ಒಳಗಿಟ್ಟೊಡನೆ ಕೈಯಲ್ಲಿ ದೀಪವಿಲ್ಲದಿದ್ದರೆ ತನ್ನ ಅಂಗೈಯೇ ತನಗೆ ಕಾಣದು. ಗೋಡೆಯನ್ನು ತಡವುತ್ತ, ಮುಂದಿನವರ ಸೆರಗನ್ನೋ ಶಲ್ಯವನ್ನೋ ಹಿಡಿದು ನಡೆಯಬೇಕಾಗುವುದು. ನೋಡಬಂದವರು ಅರೆಗಳಿಗೆಯಲ್ಲಿ ಹೊರಬಂದು ಬೆಳಕನ್ನು ಕಂಡು ನಿಟ್ಟುಸಿರು ಬಿಡುವರು. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಕೂಸಿಗಾದರೋ ಆ ಹೊರಬರುವ ಬಾಗಿಲೇ ಇಲ್ಲ. ಅಂತಹ ಕತ್ತಲೆಯಲ್ಲಿ ಒಂದು ಪಾಲಾದರೂ ತಡೆಯಬಹುದಾದ ಕತ್ತಲೆ ಎಂಬುದನ್ನು ಭಕ್ತಮಹಾಜನರ ಮುಂದಿಡುವುದೇ ಈ ಉಪನ್ಯಾಸದ ಉದ್ದೇಶವು.

ಸಂಸ್ಕೃತದಲ್ಲಿ ಕಣ್ಣಿಗೆ ನಯನವೆಂದೂ ನೇತ್ರವೆಂದೂ ಹೆಸರು. ಎರಡೂ 'ನೀ' ಎಂಬ ಧಾತುವಿನಿಂದ ಹುಟ್ಟಿದುವು. ಆ ಧಾತುವಿಗೆ ಕರೆದೊಯ್ಯುವುದು ಎಂದು ಅರ್ಥ. ಮನುಷ್ಯನನ್ನು ದಾರಿಯಲ್ಲಿ ಕರೆದೊಯ್ಯುವುದರಿಂದಲೇ ಅದು ನಯನ. ಲಿಂಗವಂತರಿಗೆ ಈ ಮಾತಿನ ಅರ್ಥವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಎವೆಯಿಕ್ಕದೆ ನಿರೀಕ್ಷಿಸುವ ಸಾಧಕನಿಗೆ ದೃಷ್ಟಿಯೇ ಪೂಜೆಯ ಉಪಕರಣವು. ಪೂಜೆಯ ಪಾತ್ರೆಗೆ ಸ್ವಲ್ಪ ಕಿಲುಬು ಹಿಡಿದರೂ ಕೂಡಲೇ ಹುಣಿಸೆಹಣ್ಣು ಹಾಕಿ ಬೆಳಗುವ ಮನೆಯಲ್ಲಿ, ಮಗುವಿನ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿದ್ದರೂ "ತಾನೇ ಹೋದೀತು" ಎಂದು ಬಿಡುವುದು ಸರಿಯೇ ಎಂಬುದನ್ನು ವಿಚಾರಿಸಬೇಕು.

ಪೂರ್ವಿಕರು ಈ ವಿಷಯದಲ್ಲಿ ಉದಾಸೀನರಾಗಿದ್ದರೆಂದು ತಿಳಿಯಬಾರದು. ಸುಶ್ರುತಸಂಹಿತೆಯ ಉತ್ತರತಂತ್ರವು ನೇತ್ರರೋಗಗಳಿಂದಲೇ ಆರಂಭವಾಗುತ್ತದೆ. ಅಲ್ಲಿ ೭೬ ನೇತ್ರರೋಗಗಳು ಎಣಿಸಲ್ಪಟ್ಟಿವೆ. ಕಣ್ಣು ಕೆಂಪಾಗಿ, ಊದಿ, ನೀರು ಸುರಿಯುವ ಅಭಿಷ್ಯಂದವೆಂಬ ರೋಗವೇ ಬಹುಮಟ್ಟಿಗೆ ಉಳಿದ ನೇತ್ರರೋಗಗಳಿಗೆಲ್ಲ ಮೂಲವೆಂದೂ, ಅದನ್ನು ಮೊದಲಲ್ಲಿಯೇ ತಡೆಯದಿದ್ದರೆ ಅಧಿಮಂಥವೆಂಬ ಘೋರವ್ಯಾಧಿಗೆ ತಿರುಗುವುದೆಂದೂ ಆಚಾರ್ಯರ ಅಭಿಪ್ರಾಯ. ಮಕ್ಕಳಿಗಾಗಿಯೇ ಕುಕೂಣಕವೆಂಬ ಬೇರೊಂದು ರೋಗವನ್ನು ಅವರು ಹೆಸರಿಸಿದ್ದಾರೆ. ಶಿಶುವು ಕಣ್ಣು, ಮೂಗು, ಹಣೆಗಳನ್ನು ಪದೇ ಪದೇ ಉಜ್ಜಿಕೊಳ್ಳುವುದು. ಬಿಸಿಲಿನ ಕಡೆಗೆ ಮುಖವೆತ್ತಲಾರದು. ಕಣ್ಣಿನಲ್ಲಿ ಎಡೆಬಿಡದೆ ನೀರು ಒಸರುವುದು. ಮಾತು ಬಾರದ ಕೂಸಿನ ವೇದನೆಯನ್ನು ಅದರ ಕೈಯ ಚಲನೆಯಿಂದಲೇ ಓದಿದ ಆ ವೈದ್ಯರ ಸೂಕ್ಷ್ಮದೃಷ್ಟಿಗೆ ತಲೆಬಾಗಬೇಕು.

ಆದರೆ ಹಿಂದಿನವರಿಗೆ ಒಂದು ಸಾಧನವಿರಲಿಲ್ಲ. ಕಣ್ಣಿನ ಹೊರಗಿನದನ್ನು ಅವರು ಚೆನ್ನಾಗಿ ಕಂಡರು; ಬದುಕಿರುವ ಕಣ್ಣಿನ ಒಳಗನ್ನು ನೋಡುವ ಉಪಾಯವು ದೊರೆತುದು ತೀರ ಈಚೆಗೆ. ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತನು ಪಾಪೆಯ ಮೂಲಕ ಕಣ್ಣಿನ ಹಿಂಭಿತ್ತಿಯನ್ನು ನೋಡುವ ಯಂತ್ರವನ್ನು ಪ್ರಕಟಿಸಿದನು. ೧೯೧೧ರಲ್ಲಿ ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಎಂಬಾತನು ಸೀಳಿನಂತಹ ಸಣ್ಣ ಬೆಳಕನ್ನು ಕಣ್ಣಿನೊಳಕ್ಕೆ ಹಾಯಿಸಿ, ಅದರ ಪದರ ಪದರವನ್ನೂ ದೊಡ್ಡದಾಗಿ ಕಾಣಿಸುವ ದೀಪವನ್ನು ರೂಪಿಸಿದನು. ಸ್ಲಿಟ್ ಲ್ಯಾಂಪ್ ಎಂದು ಇಂದಿನ ಕಣ್ಣಿನ ಆಸ್ಪತ್ರೆಗಳಲ್ಲೆಲ್ಲ ಇರುವುದು ಇದೇ. ಕಿಟಕಿಯ ಸಂದಿನಿಂದ ಬಂದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ತೇಲಾಡುವುದು ಕಾಣುವಂತೆ, ಆ ಬೆಳಕಿನಲ್ಲಿ ಕಣ್ಣಿನ ಒಳನೀರಿನಲ್ಲಿ ತೇಲುವ ಉರಿಯೂತದ ಕಣಗಳು ವೈದ್ಯನಿಗೆ ಕಾಣುವುವು. ಬರಿಗಣ್ಣಿಗಾದರೆ ಅವು ಎಷ್ಟು ಮಾತ್ರವೂ ಕಾಣವು. ಮುಂದೆ ಹೇಳುವ ಮಾತುಗಳಿಗೆಲ್ಲ ಇದೇ ಬೀಜವು.

ಉರಿಯೂತವೆಂದರೇನು? ಮನೆಗೆ ಕಳ್ಳನು ನುಗ್ಗಿದಾಗ ಊರವರು ದೀವಟಿಗೆ ಹಿಡಿದು ಓಡಿಬರುವಂತೆ, ದೇಹದಲ್ಲಿ ಗಾಯವೋ ಕ್ರಿಮಿಯೋ ಸೇರಿದಾಗ ರಕ್ತವೂ ಅದರ ರಕ್ಷಕ ಕಣಗಳೂ ಅಲ್ಲಿಗೆ ಧಾವಿಸುವುವು. ಅದರಿಂದಲೇ ಕೆಂಪು, ಬಿಸಿ, ಬಾವು, ನೋವು. ಇದು ರಕ್ಷಣೆಯ ಕ್ರಮವೇ. ಆದರೆ ಕಳ್ಳನು ಹೋದಮೇಲೂ ದೀವಟಿಗೆಗಳು ಆರದಿದ್ದರೆ ಆ ಮನೆಗೇ ಬೆಂಕಿ ತಗಲುವುದು. ಕೆಲವು ವೇಳೆ ಕಳ್ಳನೇ ಇಲ್ಲದಿದ್ದರೂ ರಕ್ಷಕರು ಮನೆಯವರನ್ನೇ ಕಳ್ಳರೆಂದು ಬಗೆಯುವುದುಂಟು. ಕೈಕಾಲಿನ ಬಾವು ಇಳಿದರೆ ಕಲೆಯಷ್ಟೇ ಉಳಿಯುವುದು. ಕಣ್ಣಾದರೋ ಗಾಜಿನಂತೆ ನಿರ್ಮಲವಾಗಿದ್ದರೆ ಮಾತ್ರವೇ ಕಣ್ಣು; ಅದರಲ್ಲಿ ಸಾಸುವೆಯಷ್ಟು ಕಲೆ ನಡುವೆ ನಿಂತರೂ ಲೋಕವೇ ಮಸುಕಾಗುವುದು.

ಮಕ್ಕಳ ಕಣ್ಣಿನ ಉರಿಯೂತಗಳನ್ನು ಹೊರಗಿನವು, ಒಳಗಿನವು ಎಂದು ಎರಡಾಗಿ ವಿಂಗಡಿಸಬಹುದು. ಹೊರಗಿನವುಗಳಲ್ಲಿ ಮೊದಲನೆಯದು ಹಸುಗೂಸಿನದು. ಹೆರಿಗೆಯ ಕಾಲದಲ್ಲಿ ತಾಯಿಯಿಂದ ತಗಲಿದ ಸೋಂಕಿನಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ರೆಪ್ಪೆಗಳು ಊದಿ ಕೀವು ಸುರಿಯುವುದು. ಯೂರೋಪಿನಲ್ಲಿಯೂ ಒಂದು ಕಾಲದಲ್ಲಿ ಕುರುಡರ ಶಾಲೆಗಳನ್ನು ತುಂಬಿದುದು ಇದೇ ರೋಗವು. ಲೈಪ್‌ಜಿಗ್ ನಗರದ ಕ್ರೆಡೆ ಎಂಬ ಪ್ರಸೂತಿವೈದ್ಯನು ೧೮೮೦ರಿಂದ ಹುಟ್ಟಿದ ಕೂಸುಗಳ ಕಣ್ಣಿಗೆ ನೂರಕ್ಕೆ ಎರಡು ಪಾಲಿನ ಬೆಳ್ಳಿಯ ಕ್ಷಾರದ ನೀರನ್ನು ಒಂದೊಂದು ತೊಟ್ಟು ಬಿಡಲಾರಂಭಿಸಿದನು. ಅವನ ಆಸ್ಪತ್ರೆಯಲ್ಲಿ ನೂರರಲ್ಲಿ ಸುಮಾರು ಹತ್ತು ಶಿಶುಗಳಿಗೆ ಬರುತ್ತಿದ್ದ ಆ ರೋಗವು ನೂರರಲ್ಲಿ ಒಂದಕ್ಕಿಂತಲೂ ಕಡಿಮೆಯಾಯಿತು. ಒಂದು ತೊಟ್ಟಿನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈಗ ಬೆಳ್ಳಿಯ ನೀರಿನ ಸ್ಥಾನದಲ್ಲಿ ಬೇರೆ ಔಷಧಗಳು ಬಂದಿವೆ. ಆದರೆ ನಿಯಮವು ಬದಲಾಗಿಲ್ಲ: ಹಸುಗೂಸಿನ ಕಣ್ಣಿನಲ್ಲಿ ಕೀವು ಕಂಡರೆ ಅದೇ ದಿನವೇ ಆಸ್ಪತ್ರೆ, ಮರುದಿನವಲ್ಲ.

ಎರಡನೆಯದು ಟ್ರಕೋಮಾ. ರೆಪ್ಪೆಯ ಒಳಬದಿಯಲ್ಲಿ ರವೆಯಂತಹ ಕಾಳುಗಳು ಏಳುವ ಈ ರೋಗವು ಪ್ರಾಚೀನರು ಪೋಥಕಿ ಎಂದು ವರ್ಣಿಸಿದ ರೋಗವನ್ನು ಹೋಲುತ್ತದೆ. ಬಾಲ್ಯದಲ್ಲಿ ಮತ್ತೆ ಮತ್ತೆ ಸೋಂಕು ತಗಲಿ ರೆಪ್ಪೆಯ ಒಳಗೆ ಕಲೆಗಟ್ಟುವುದು. ದೊಡ್ಡವರಾದ ಮೇಲೆ ರೆಪ್ಪೆಯು ಒಳಮಗುಚಿ ಎವೆಗೂದಲುಗಳು ಕಣ್ಣುಗುಡ್ಡೆಯನ್ನೇ ಉಜ್ಜುತ್ತ ಕುರುಡುಮಾಡುವುವು. ಮಗುವಿಗೆ ಬಂದ ಬೇನೆಯ ಫಲವನ್ನು ಮುದುಕಿಯಾದ ಮೇಲೆ ಉಣ್ಣುವುದೆಂದರೆ ಇದೇ. ಈ ದೇಶದಲ್ಲಿ ಮುಖ್ಯವಾಗಿ ಪಂಜಾಬ್, ರಾಜಸ್ಥಾನ ಮೊದಲಾದ ಉತ್ತರದ ಒಣಪ್ರಾಂತಗಳಲ್ಲಿ ಅದು ಬೇರೂರಿತ್ತು. ೧೯೬೩ರಲ್ಲಿ ರಾಷ್ಟ್ರೀಯ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ೧೯೭೬ರಲ್ಲಿ ಅದು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿತು. ೨೦೨೪ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಸಾರ್ವಜನಿಕ ಆರೋಗ್ಯದ ಪಿಡುಗಾಗಿ ಟ್ರಕೋಮಾ ಭಾರತದಲ್ಲಿ ಉಳಿದಿಲ್ಲವೆಂದು ಮಾನ್ಯ ಮಾಡಿತು. ಇದನ್ನು ಸಾಧಿಸಿದ ಉಪಾಯಗಳಲ್ಲಿ ಔಷಧವೂ ಶಸ್ತ್ರಚಿಕಿತ್ಸೆಯೂ ಇದ್ದಂತೆಯೇ ಮಗುವಿನ ಮುಖ ತೊಳೆಯುವುದೂ, ನೀರು ಮತ್ತು ನೈರ್ಮಲ್ಯವನ್ನು ಒದಗಿಸುವುದೂ ಇದ್ದುವು. ಚೆಂಬು ನೀರು ಸಹ ಔಷಧವೇ ಎಂದಂತಾಯಿತು.

ಮೂರನೆಯದಾದ ಸಿಡುಬನ್ನು ಹಿರಿಯರು ಮರೆತಿರಲಾರರು. 'ಅಮ್ಮ' ಬಂದು ಹೋದ ಮನೆಗಳಲ್ಲಿ ಜೀವವುಳಿದ ಮಕ್ಕಳಲ್ಲಿಯೂ ಕೆಲವರ ಕಣ್ಣಿನಲ್ಲಿ ಹೂವು ಬಿದ್ದು ದೃಷ್ಟಿ ಹೋಗುತ್ತಿತ್ತು. ಹೂವೆಂದು ಜನರು ಕರೆಯುವುದು ಕರಿಗುಡ್ಡೆಯ ಮೇಲಣ ಪಾರದರ್ಶಕ ಪಟಲದಲ್ಲಿ ಹುಣ್ಣು ಮಾಗಿ ಉಳಿದ ಬಿಳಿಯ ಕಲೆಯನ್ನು. ಭಾರತವು ಸಿಡುಬಿನಿಂದ ಮುಕ್ತವೆಂದು ೧೯೭೭ರಲ್ಲಿಯೂ, ಇಡೀ ಲೋಕವೇ ಮುಕ್ತವೆಂದು ೧೯೮೦ರಲ್ಲಿಯೂ ಘೋಷಿಸಲ್ಪಟ್ಟಿತು. ಅಂದಿನಿಂದ ಆ ಹೂವು ಒಂದು ಮಗುವಿನ ಕಣ್ಣಿನಲ್ಲಿಯೂ ಅರಳಿಲ್ಲ. ದೇವರ ಆಟವೆಂದು ತಲೆತಲಾಂತರದಿಂದ ನಂಬಿದ್ದುದನ್ನು ಚುಚ್ಚುಮದ್ದು ನಿಲ್ಲಿಸಿತು. ಅದರಿಂದ ದೈವಕ್ಕೆ ಕೋಪ ಬಂದ ಸುದ್ದಿಯೂ ಇಲ್ಲ. ದಡಾರದ ಲಸಿಕೆಯನ್ನು ತಪ್ಪಿಸುವ ಮನೆಯವರು ಇದನ್ನು ನೆನೆಯಬೇಕು. ದಡಾರವೂ, ಅದರೊಡನೆ ಎ ಜೀವಸತ್ವದ ಕೊರತೆಯೂ ಕೂಡಿದರೆ ಅದೇ ಪಟಲವು ಕೆಲವೇ ದಿನಗಳಲ್ಲಿ ಕರಗಿಹೋಗಬಲ್ಲದು.

ಇನ್ನು ಬಿಸಿಲೂ ಧೂಳೂ ಹೆಚ್ಚಾದ ಸೀಮೆಗಳಲ್ಲಿ, ಮುಖ್ಯವಾಗಿ ಗಂಡುಹುಡುಗರಲ್ಲಿ, ವರ್ಷವರ್ಷವೂ ಬೇಸಗೆಯಲ್ಲಿ ಮರುಕಳಿಸುವ ಒಗ್ಗದಿಕೆಯ ಕಣ್ಣುಬೇನೆಯೊಂದುಂಟು. ದುರ್ಗದ ಸೀಮೆಯಂತಹ ಒಣನಾಡಿನ ತಾಯಂದಿರಿಗೆ ಇದರ ಲಕ್ಷಣವನ್ನು ವಿವರಿಸಬೇಕಾಗಿಲ್ಲ. ತಡೆಯಲಾರದ ನವೆ, ಎಳೆಎಳೆಯಾಗಿ ಬರುವ ಗೀಜು, ಬೆಳಕನ್ನು ಕಂಡರೆ ಕಣ್ಣು ಮುಚ್ಚುವುದು. ಬಹುತೇಕ ಹುಡುಗರಲ್ಲಿ ಪ್ರಾಯಕ್ಕೆ ಬರುವ ವೇಳೆಗೆ ಇದು ತಾನಾಗಿ ಇಳಿಯುವುದು. ಆದರೆ ಇದರಲ್ಲಿ ರೋಗಕ್ಕಿಂತ ಮದ್ದೇ ಹೆಚ್ಚು ಹಾನಿ ಮಾಡುವ ಸಂದರ್ಭವುಂಟು. ವೈದ್ಯರು ಒಮ್ಮೆ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಸ್ಟೀರಾಯ್ಡ್ ಹನಿಯಿಂದ ನವೆಯು ತಟ್ಟನೆ ಶಮನವಾಗುವುದು. ಮುಂದಿನ ಬೇಸಗೆಯಲ್ಲಿ ತಂದೆಯು ಹಳೆಯ ಚೀಟಿಯನ್ನೇ ಅಂಗಡಿಗೆ ಒಯ್ದು ಅದೇ ಹನಿಯನ್ನು ತರುವನು. ಅದರ ಮುಂದಿನ ವರ್ಷ ಚೀಟಿಯೂ ಬೇಕಿಲ್ಲ. ಹೀಗೆ ವರ್ಷಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡವು ಸದ್ದಿಲ್ಲದೆ ಏರಿ ಗ್ಲಾಕೋಮಾ ಎಂಬ ರೋಗವು ದೃಷ್ಟಿನರವನ್ನು ಅಂಚಿನಿಂದ ತಿನ್ನುತ್ತ ಬರುವುದು. ಹುಡುಗನಿಗೆ ನೋವಿಲ್ಲ, ಕೆಂಪಿಲ್ಲ. ಎಲ್ಲವೂ ಚೆನ್ನಾಗಿದೆಯೆಂದೇ ಮನೆಯವರ ನಂಬಿಕೆ. ಹೀಗೆ ಹೋದ ದೃಷ್ಟಿಯು ಮರಳಿ ಬಾರದು. ಬೇರೆ ಹನಿಗಳೂ, ತಣ್ಣೀರಿನ ಬಟ್ಟೆಯೂ, ಉಜ್ಜದಿರುವ ಅಭ್ಯಾಸವೂ ಈ ರೋಗಕ್ಕೆ ಉಂಟು. ಸ್ಟೀರಾಯ್ಡನ್ನು ಹಾಕಲೇಬೇಕಾದಾಗ ಕಣ್ಣೊತ್ತಡವನ್ನು ಅಳೆಯುವ ವೈದ್ಯರ ಕಣ್ಗಾವಲಿನಲ್ಲಿಯೇ ಹಾಕಬೇಕು.

ಇಷ್ಟು ಹೊರಗಿನ ಮಾತಾಯಿತು. ಒಳಗಿನ ಉರಿಯೂತವು ಇದಕ್ಕಿಂತ ಗೂಢವಾದುದು. ಕಣ್ಣಿನ ಹೊರಗೋಡೆಗೂ ಒಳಪಟಲಕ್ಕೂ ನಡುವೆ ರಕ್ತನಾಳಗಳಿಂದ ತುಂಬಿದ ಪೊರೆಯೊಂದಿದೆ. ಕಣ್ಣಿಗೆ ಬಣ್ಣವನ್ನು ಕೊಡುವ, ನಡುವೆ ಪಾಪೆಯುಳ್ಳ ಮಂಡಲವು ಅದರ ಮುಂಭಾಗ. ಈ ಪೊರೆಗೆ ಯುವಿಯಾ ಎಂದೂ, ಇದರ ಉರಿಯೂತಕ್ಕೆ ಯುವಿಯೈಟಿಸ್ ಎಂದೂ ಹೆಸರು. ಕ್ಷಯ ಮೊದಲಾದ ಸೋಂಕುಗಳಿಂದ ಇದು ಬರಬಹುದು, ಪೆಟ್ಟಿನಿಂದ ಬರಬಹುದು, ದೇಹವು ತನ್ನ ಮೇಲೆ ತಾನೇ ತಿರುಗಿಬೀಳುವುದರಿಂದ ಬರಬಹುದು, ಅನೇಕ ಮಕ್ಕಳಲ್ಲಿ ಇಂಥದೇ ಕಾರಣವೆಂದು ಹೇಳಲಾಗುವುದೂ ಇಲ್ಲ.

ಇವುಗಳಲ್ಲಿ ಎಲ್ಲಕ್ಕಿಂತ ಮೋಸದ್ದು ಮಕ್ಕಳ ಕೀಲುವಾತದ ಜೊತೆಯಲ್ಲಿ ಬರತಕ್ಕದ್ದು. ವಾತವು ಮುದುಕರ ರೋಗವೆಂಬುದು ಲೋಕರೂಢಿ. ಆದರೆ ಎರಡು ಮೂರು ವರ್ಷದ ಹೆಣ್ಣುಮಗುವಿಗೂ ಮೊಣಕಾಲು ಊದಿ, ಬೆಳಿಗ್ಗೆ ಎದ್ದಾಗ ಕುಂಟುವ ವ್ಯಾಧಿಯುಂಟು. ೧೮೯೭ರಲ್ಲಿಯೇ ಇಂಗ್ಲೆಂಡಿನ ಸ್ಟಿಲ್ ಎಂಬ ಮಕ್ಕಳ ವೈದ್ಯನು ಮಕ್ಕಳ ಕೀಲುವಾತವನ್ನು ವಿವರಿಸಿ ಬರೆದನು. ಒಂದೆರಡು ಕೀಲುಗಳಿಗೆ ಮಾತ್ರ ಬಾವು ಬಂದ, ಎಳೆಯ ವಯಸ್ಸಿನ, ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯವು ಕಂಡುಬಂದ ಮಕ್ಕಳಿಗೆ ಕಣ್ಣಿನ ಒಳ ಉರಿಯೂತದ ಭಯವು ಅಧಿಕ. ಪಾಶ್ಚಾತ್ಯ ದೇಶಗಳ ಎಣಿಕೆಯಲ್ಲಿ ಇಂತಹ ಕೀಲುವಾತದ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬಿಬ್ಬರಿಗೆ ಕಣ್ಣಿಗೂ ಉರಿಯೂತ ತಗಲುವುದು.

ಇದರ ಮೋಸವೇನೆಂದರೆ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ನೀರು ಸುರಿಯುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಸುಡುವುದು. ಮಗುವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಅಂಗಳದಲ್ಲಿ ಕುಂಟುತ್ತ ಆಡುತ್ತಿದೆ. ಮನೆಯವರು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಪಟ್ಟು ಹಾಕುತ್ತಾರೆ, ಕಾಲಿನ ಬಾವು ಇಳಿಯುತ್ತದೆ, ಎಲ್ಲರಿಗೂ ಸಂತೋಷ. ಮಗುವು ಅಕ್ಷರ ಕಲಿಯಲು ಶಾಲೆಗೆ ಹೋದಾಗ ಹಲಗೆಯ ಮೇಲಣ ಬರಹವು ಕಾಣದೆ ಮುಂದಕ್ಕೆ ಬಂದು ಬಂದು ಕೂರುವುದು. ಮೇಷ್ಟರು ದಡ್ಡನೆನ್ನುವರು. ಆಸ್ಪತ್ರೆಗೆ ಕರೆತಂದ ದಿನ ಕಾಣಬರುವುದು ಇಷ್ಟು: ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡು ಗುಂಡಗಿರಬೇಕಾದುದು ಸೊಟ್ಟಗಾಗಿದೆ, ಮುಂಪಟಲದ ಅಡ್ಡಲಾಗಿ ಸುಣ್ಣದ ಪಟ್ಟಿಯೊಂದು ಕೂತಿದೆ, ಮಸೂರಕ್ಕೆ ಪೊರೆ ಬಂದಿದೆ, ಒಳನೀರು ಹರಿದುಹೋಗುವ ದಾರಿ ಕಟ್ಟಿ ಒತ್ತಡವು ಏರಿದೆ. ಕೆಲವರಲ್ಲಿ ಹಿಂಭಿತ್ತಿಯ ನಡುಭಾಗಕ್ಕೆ ನೀರು ಸೇರಿ ಊದಿರುವುದೂ ಉಂಟು. ಎರಡು ವರ್ಷದ ಹಿಂದೆ ಕೀಲು ಊದಿದ ದಿನವೇ ಕಣ್ಣನ್ನೂ ತೋರಿಸಿದ್ದರೆ ಇವುಗಳಲ್ಲಿ ಬಹುಭಾಗವು ಆಗುತ್ತಿರಲಿಲ್ಲ. ಕೆಲವರಲ್ಲಿ ಕೀಲಿಗಿಂತ ಮೊದಲೇ ಕಣ್ಣಿಗೆ ತಗಲುವುದರಿಂದಲೂ, ಕೀಲು ಗುಣವಾದ ಮೇಲೆಯೂ ಕಣ್ಣಿನ ಉರಿಯೂತವು ನಡೆಯುವುದರಿಂದಲೂ ಕಾಲನ್ನು ನೋಡಿ ಕಣ್ಣಿನ ಸ್ಥಿತಿಯನ್ನು ಊಹಿಸಲಾಗದು. ಆದುದರಿಂದಲೇ ಭಯ ಹೆಚ್ಚಾಗಿರುವ ಮಕ್ಕಳನ್ನು ಮೂರು ಮೂರು ತಿಂಗಳಿಗೊಮ್ಮೆ, ದೂರೇನೂ ಇಲ್ಲದಿದ್ದರೂ, ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಬೇಕೆಂಬ ನಿಯಮವು ಏರ್ಪಟ್ಟಿದೆ.

ಮಕ್ಕಳಲ್ಲಿ ಇನ್ನೊಂದು ವಿಶೇಷವಿದೆ. ದೊಡ್ಡವರ ಕಣ್ಣಿನ ಪೊರೆಯನ್ನು ತೆಗೆದೊಡನೆ ಅವರು ಮೊದಲಿನಂತೆ ಕಾಣುವರು. ಬಾಗಲಕೋಟೆ ಸೀಮೆಯ ಬೀಳಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ೨೦೦೫ರಲ್ಲಿ ತೀರಿಕೊಳ್ಳುವ ಮುನ್ನ ಊರೂರು ತಿರುಗಿ, ಶಿಬಿರಗಳನ್ನು ನಡೆಸಿ, ಲಕ್ಷಾಂತರ ಜನರಿಗೆ ಹೀಗೆ ಕಣ್ಣು ಕೊಟ್ಟುದನ್ನು ಕನ್ನಡನಾಡು ಮರೆಯಲಾರದು. ಆ ಶಿಬಿರಗಳನ್ನು ಕಂಡ ಜನರಲ್ಲಿ, ಕಣ್ಣಿನ ಕೆಲಸವು ಶಿಬಿರ ಬರುವ ತನಕ ಕಾಯಬಹುದೆಂಬ ಭಾವನೆಯೊಂದು ಮೂಡಿರುವುದು ಸಹಜ. ಮುದುಕರ ಪೊರೆಯು ಕಾಯಬಹುದು. ಮಗುವಿನ ಕಣ್ಣು ಕಾಯದು. ಏಕೆಂದರೆ ಮಗುವಿನ ಮೆದುಳು ಸುಮಾರು ಏಳೆಂಟು ವರ್ಷದೊಳಗಾಗಿ ನೋಡುವುದನ್ನು ಕಲಿಯಬೇಕು. ಆ ಕಾಲದಲ್ಲಿ ಒಂದು ಕಣ್ಣಿನಿಂದ ಸ್ಪಷ್ಟವಾದ ಬಿಂಬವು ಹೋಗದಿದ್ದರೆ ಮೆದುಳು ಆ ಕಣ್ಣನ್ನು ಕೈಬಿಡುವುದು. ಆಮೇಲೆ ಉರಿಯೂತವು ಶಮನವಾದರೂ, ಪೊರೆಯನ್ನು ತೆಗೆದರೂ ಕಣ್ಣಿದ್ದೂ ನೋಟವಿಲ್ಲದಂತಾಗುವುದು. ಬಿತ್ತನೆಯ ಹದ ತಪ್ಪಿದ ಮೇಲೆ ಎಷ್ಟು ಮಳೆ ಬಂದರೇನು?

ಪೆಟ್ಟಿನ ಮಾತನ್ನೂ ಹೇಳಬೇಕು. ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಕುದುರೆಯ ಜೀನು ಹೊಲಿಯುವವನ ಮಗನಾಗಿ ೧೮೦೯ರಲ್ಲಿ ಹುಟ್ಟಿದ ಲೂಯಿ ಬ್ರೈಲನು ಮೂರು ವರ್ಷದವನಿದ್ದಾಗ ತಂದೆಯ ಅಂಗಡಿಯಲ್ಲಿ ಆಡುತ್ತ ಚರ್ಮ ಚುಚ್ಚುವ ದಬ್ಬಳದಿಂದ ಒಂದು ಕಣ್ಣಿಗೆ ಗಾಯಮಾಡಿಕೊಂಡನು. ಉರಿಯೂತವು ಆ ಕಣ್ಣಿಗೆ ನಿಲ್ಲದೆ ಪೆಟ್ಟು ಬೀಳದ ಮತ್ತೊಂದು ಕಣ್ಣಿಗೂ ಹಬ್ಬಿತು. ಐದು ವರ್ಷದ ವೇಳೆಗೆ ಎರಡೂ ಕಣ್ಣು ಹೋದುವು. ಗಾಯಗೊಂಡ ಕಣ್ಣಿನಿಂದ ಹೊರಬಿದ್ದ ಅಂಶವನ್ನು ದೇಹವು ವೈರಿಯೆಂದು ತಿಳಿದು ಎರಡನೆಯ ಕಣ್ಣಿನ ಮೇಲೂ ಬೀಳುವ ಈ ವಿಚಿತ್ರವ್ಯಾಧಿಯು ಅಪರೂಪದ್ದಾದರೂ ಇಂದಿಗೂ ಉಂಟು. ಚಿನ್ನಿದಾಂಡು, ಬಿಲ್ಲುಬಾಣ, ಜಾಲಿಯ ಮುಳ್ಳು, ದೀಪಾವಳಿಯ ಪಟಾಕಿ ಇವುಗಳಿಂದ ಕಣ್ಣು ತೂತಾದ ಮಗುವನ್ನು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕೆಂಬುದು ಆ ಒಂದು ಕಣ್ಣಿಗಾಗಿ ಮಾತ್ರವಲ್ಲ, ಎರಡನೆಯದಕ್ಕಾಗಿಯೂ ಎಂಬುದನ್ನು ತಿಳಿದಿರಬೇಕು. ತೂತಾದ ಕಣ್ಣನ್ನು ತೊಳೆಯಬಾರದು, ಒತ್ತಬಾರದು, ಅದಕ್ಕೆ ಏನನ್ನೂ ಹಾಕಬಾರದು.

ಈ ಕಣಿವೆಗೂ ನೀರಿಗೂ ಹಳೆಯ ನಂಟು. ಕದಂಬ ಮಯೂರಶರ್ಮನು ಇಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಚಂದ್ರವಳ್ಳಿಯ ಶಾಸನವು ಹೇಳುವುದು. ಕೆರೆಕುಂಟೆಗಳಲ್ಲಿ ಈಜುವುದು ಮಕ್ಕಳಿಗೆ ಸ್ವರ್ಗಸುಖವೇ. ಆದರೆ ತಮಿಳುನಾಡಿನ ದಕ್ಷಿಣಭಾಗದ ಹಳ್ಳಿಗಳಲ್ಲಿ ಊರ ಕುಂಟೆಯಲ್ಲಿ ಈಜಿದ ಮಕ್ಕಳ ಕಣ್ಣಿನಲ್ಲಿ ಗಂಟುಗಂಟಾದ ಉರಿಯೂತವು ಕಾಣಿಸಿಕೊಂಡುದನ್ನು ಮಧುರೆಯ ನೇತ್ರವೈದ್ಯರು ಈ ಶತಮಾನದ ಆರಂಭದಲ್ಲಿ ವರದಿ ಮಾಡಿದರು. ನೀರಿನ ಬಸವನಹುಳುಗಳಲ್ಲಿ ಬೆಳೆಯುವ ಒಂದು ಬಗೆಯ ಚಪ್ಪಟೆ ಹುಳುವೇ ಅದಕ್ಕೆ ಕಾರಣವೆಂದು ಅವರ ಶೋಧನೆಯು ತೋರಿಸಿತು. ಇದರಿಂದ ಎಲ್ಲ ಕೆರೆಗಳಿಗೂ ಹೆದರಬೇಕೆಂದಲ್ಲ. ನಿಂತು ಕೊಳೆತ ನೀರಿನಲ್ಲಿ ಮಕ್ಕಳನ್ನು ಬಿಡಬಾರದು. ಈಜಿದ ಬಳಿಕ ಕಣ್ಣು ಕೆಂಪಾಗಿ ವಾರವಾದರೂ ಇಳಿಯದಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಹಿಂದಿನ ತಲೆಮಾರಿನ ವೈದ್ಯರ ಕೈಯಲ್ಲಿ ಪಾಪೆಯನ್ನು ಅರಳಿಸುವ ಅಟ್ರೋಪಿನ್ ಹನಿಯ ಹೊರತು ಹೆಚ್ಚೇನೂ ಇರಲಿಲ್ಲ. ೧೯೪೮ರಲ್ಲಿ ಅಮೆರಿಕದಲ್ಲಿ ಕೀಲುವಾತದ ರೋಗಿಗೆ ಮೊದಲಿಗೆ ಕೊಡಲ್ಪಟ್ಟ ಕಾರ್ಟಿಸೋನ್ ಎಂಬ ಸ್ಟೀರಾಯ್ಡು ಕೆಲವೇ ವರ್ಷಗಳಲ್ಲಿ ಕಣ್ಣಿಗೂ ಬಂದು ಯುಗವನ್ನೇ ಬದಲಿಸಿತು. ಆದರೆ ಮೇಲೆ ಹೇಳಿದಂತೆ ಅದು ಎರಡು ಬಾಯಿಯ ಕತ್ತಿ. ಉರಿಯನ್ನೂ ಆರಿಸುವುದು, ಹೆಚ್ಚು ದಿನ ಹಾಕಿದರೆ ಪೊರೆಯನ್ನೂ ಗ್ಲಾಕೋಮಾವನ್ನೂ ತರುವುದು. ಆದುದರಿಂದ ಬಹುಕಾಲ ನಡೆಯುವ ಉರಿಯೂತದಲ್ಲಿ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನೂ, ಅದರಿಂದ ಸಾಲದಿದ್ದರೆ ಅಡಲಿಮುಮಾಬ್ ಎಂಬ ಚುಚ್ಚುಮದ್ದನ್ನೂ ಬಳಸುತ್ತಾರೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಕೀಲುವಾತದ ಮಕ್ಕಳ ಕಣ್ಣು ಹೆಚ್ಚು ಚೆನ್ನಾಗಿ ಉಳಿಯುವುದೆಂದು ಬ್ರಿಟನ್ನಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ಹೊಸ ಮದ್ದು ದುಬಾರಿಯಾದುದು ನಿಜ. ಆದರೆ ಬಹುಮಂದಿ ಮಕ್ಕಳಲ್ಲಿ ಸೋಲಿಗೆ ಕಾರಣವಾಗುವುದು ಮದ್ದಿನ ಬೆಲೆಯಷ್ಟೇ ಅಲ್ಲ. ಕೆಂಪಿಳಿದ ಕೂಡಲೇ ಮದ್ದನ್ನು ನಿಲ್ಲಿಸುವುದು. ಈ ಚಿಕಿತ್ಸೆಯು ತಿಂಗಳುಗಳದ್ದಲ್ಲ, ವರ್ಷಗಳದ್ದು. ಸುಗ್ಗಿ ಬಂದಿತೆಂದೋ, ಜಾತ್ರೆ ಬಂದಿತೆಂದೋ, ಬಸ್ಸಿನ ಖರ್ಚೆಂದೋ ಒಂದು ತಪಾಸಣೆಯನ್ನು ತಪ್ಪಿಸಿದರೆ ಬೂದಿಯೊಳಗಿನ ಕೆಂಡವು ಮತ್ತೆ ಉರಿಯುವುದು.

ಬೆಂಗಳೂರಿನಲ್ಲಿ ೧೮೯೬ರಲ್ಲಿ ಮೊದಲಾದ, ಮುಂದೆ ಮಿಂಟೋ ಹೆಸರಿನಿಂದ ಪ್ರಸಿದ್ಧವಾದ ಸರ್ಕಾರಿ ಕಣ್ಣಿನ ಆಸ್ಪತ್ರೆಯು ಬಡವರಿಗೆ ಒಂದು ಶತಮಾನಕ್ಕೂ ಮೀರಿ ಆಸರೆಯಾಗಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ವೈದ್ಯತಂಡಗಳು ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡೂ ಇದೆ. ದಾರಿಗಳಿವೆ, ನಡೆಯುವ ಮನಸ್ಸು ಬೇಕು.

ಇಲ್ಲಿ ಭಕ್ತರ ಮನಸ್ಸಿನಲ್ಲಿ ಏಳಬಹುದಾದ ಎರಡು ಮಾತುಗಳನ್ನು ಮರೆಮಾಚದೆ ವಿಚಾರಿಸುವುದು ಯುಕ್ತ. ಮೊದಲನೆಯದು: ಮಗುವಿನ ಕಣ್ಣು ಹೋಗುವುದು ಅದರ ಪ್ರಾರಬ್ಧವಲ್ಲವೇ? ಬಸವಾದಿ ಶರಣರು ಹುಟ್ಟಿನಿಂದ ಬಂದ ಹೀನತೆಯನ್ನೇ ಒಪ್ಪದೆ ಕಾಯಕವನ್ನು ಎತ್ತಿಹಿಡಿದವರು. ಅವರ ಮಾರ್ಗದಲ್ಲಿ ನಡೆಯುವವರು ಎರಡು ವರ್ಷದ ಕೂಸಿನ ಮೇಲೆ ಹಿಂದಿನ ಜನ್ಮದ ಲೆಕ್ಕವನ್ನು ಹೊರಿಸಿ, ತಮ್ಮ ಈ ಜನ್ಮದ ಆಲಸ್ಯವನ್ನು ಮುಚ್ಚಿಕೊಳ್ಳಲಾಗದು. ಸಿಡುಬಿನ ಪ್ರಾರಬ್ಧವು ಚುಚ್ಚುಮದ್ದಿನ ಮುಂದೆ ನಿಲ್ಲಲಿಲ್ಲವೆಂಬುದನ್ನು ಈಗಾಗಲೇ ಕಂಡಾಯಿತು.

ಎರಡನೆಯದು: ಕಣ್ಣಿಲ್ಲದವರೂ ಮಹಾತ್ಮರಾಗಿಲ್ಲವೇ? ಆಗಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಹುಟ್ಟುಗುರುಡರಾಗಿದ್ದ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪), ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಗಾನಯೋಗಿಗಳಾದರು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅವರ ಶಿಷ್ಯರಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೂರಾರು ಅಂಧ ಮಕ್ಕಳ ತವರುಮನೆಯಾಗಿ ಬೆಳೆಸಿದರು. ಲೂಯಿ ಬ್ರೈಲನು ಹದಿನೈದನೆಯ ವಯಸ್ಸಿನಲ್ಲಿ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ ಲೋಕದ ಅಂಧರೆಲ್ಲರಿಗೂ ಅಕ್ಷರವನ್ನು ಕೊಟ್ಟನು. ಕಣ್ಣು ಹೋದ ಮಗುವಿನ ಬಾಳು ಮುಗಿಯಿತೆಂದು ಎದೆಗುಂದಬಾರದೆಂಬುದಕ್ಕೆ ಇವರೆಲ್ಲರೂ ನಿದರ್ಶನರು. ಅಂತಹ ಮಗುವನ್ನು ಮೂಲೆಯಲ್ಲಿ ಕೂರಿಸದೆ, ಬ್ರೈಲ್ ಕಲಿಸುವ ಶಾಲೆಗೆ ಕಳುಹಿಸುವುದೂ ಧರ್ಮವೇ. ಆದರೆ ಕತ್ತಲೆಯಲ್ಲಿ ದೀಪವಾದವರ ಹಿರಿಮೆಯು ಕತ್ತಲೆಯ ಹಿರಿಮೆಯಲ್ಲ. ಒಬ್ಬ ಗವಾಯಿಗಳ ಹಿಂದೆ, ಗುರುವೂ ಗಾನವೂ ದೊರೆಯದೆ ಹಟ್ಟಿಯ ಮೂಲೆಯಲ್ಲಿ ಸವೆದುಹೋದ ಮಕ್ಕಳು ಎಷ್ಟೋ ಮಂದಿ. ಅವರ ಹೆಸರನ್ನು ಯಾವ ಸಂಪುಟವೂ ಬರೆದಿಲ್ಲ.

ಆದುದರಿಂದ ಭಕ್ತರ ಮನೆಗಳಲ್ಲಿಯೂ, ಮಠಗಳ ಪಾಠಶಾಲೆ ಮತ್ತು ಪ್ರಸಾದನಿಲಯಗಳಲ್ಲಿಯೂ ಇಷ್ಟನ್ನು ವ್ರತವಾಗಿ ಹಿಡಿಯತಕ್ಕದ್ದು. ಮಗುವಿನ ಕಣ್ಣಿಗೆ ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ, ಜೇನು ಮೊದಲಾದುವನ್ನು ಬಿಡಕೂಡದು. ಹಣೆಯ ಬದಿಗೆ ಬರೆ ಹಾಕಿಸಕೂಡದು. ಒಬ್ಬರ ಹನಿಯನ್ನು ಮತ್ತೊಬ್ಬರಿಗೆ ಹಾಕಕೂಡದು. ಒಂದೇ ವಸ್ತ್ರದಲ್ಲಿ ಹಲವು ಹುಡುಗರು ಮುಖವನ್ನು ಒರಸಕೂಡದು. ಕೆಂಪು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಬೆಳಕಿಗೆ ಕಣ್ಣು ತೆರೆಯಲಾರದಿದ್ದರೆ, ನೋವಿದ್ದರೆ, ನೋಟ ಮಸುಕಾದರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಪಾಪೆಯು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ಅದು ಪೊರೆಯಾಗಿರಬಹುದು, ಪ್ರಾಣಕ್ಕೇ ಮುಳುವಾದ ಗಡ್ಡೆಯೂ ಆಗಿರಬಹುದು. ಆಗ ಒಂದು ದಿನವೂ ಕಾಯಬಾರದು. ಕುಂಟುವ ಮಗುವಿಗೆ ಕಾಲಿನೊಡನೆ ಕಣ್ಣನ್ನೂ ತೋರಿಸಬೇಕು. ಮತ್ತು ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ ಮುಚ್ಚಿ ಮಗುವಿಗೆ ಎರಡರಲ್ಲಿಯೂ ಕಾಣುವುದೇ ಎಂದು ಪ್ರತಿ ತಾಯಿಯೂ ಪ್ರತಿ ಉಪಾಧ್ಯಾಯನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ, ಅಂಗೈಯೊಂದಿದ್ದರೆ ಸಾಕು.

ದಾಸೋಹವೆಂದರೆ ಅನ್ನವಿಕ್ಕುವುದು ಮಾತ್ರವೆಂದು ತಿಳಿದವರು ಅದರ ಅರ್ಧವನ್ನು ಮಾತ್ರ ಬಲ್ಲರು. ದೂರದ ಹಟ್ಟಿಯ ತಾಯಿಯೊಬ್ಬಳು ಮೂರು ತಿಂಗಳಿಗೊಮ್ಮೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುವಾಗ, ಅವಳ ಬಸ್ಸಿನ ಹಣವನ್ನು ಕೊಟ್ಟವನೂ, ಮನೆಯಲ್ಲಿ ಉಳಿದ ಮಕ್ಕಳಿಗೆ ರೊಟ್ಟಿ ಬಡಿದುಕೊಟ್ಟವಳೂ, ಹೋಗಬೇಕಾದ ದಿನವನ್ನು ನೆನಪಿಸಿದವನೂ ದಾಸೋಹವನ್ನೇ ಮಾಡಿದಂತಾಯಿತು. ಅಂಕಲಿಮಠದ ಗುಹೆಯಲ್ಲಿ ದೀಪ ಹಿಡಿದು ಮುಂದೆ ನಡೆಯುವವನು ಒಬ್ಬನೇ. ಅವನ ಹಿಂದೆ ಹತ್ತು ಜನರು ಕಾಲು ಜಾರದೆ ಹೊರಬರುವರು. ಈ ಸೀಮೆಯ ಪ್ರತಿ ಊರಿನಲ್ಲಿಯೂ ಅಂತಹ ಒಬ್ಬನು ದೊರೆಯಲಿ, ಎಲ್ಲ ಕೂಸುಗಳ ಕಣ್ಣುಗಳೂ ಬೆಳಗುತ್ತಿರಲಿ ಎಂಬ ಹಾರೈಕೆಯೊಡನೆ ಈ ಉಪನ್ಯಾಸವು ಮುಗಿಯುವುದು.